ದೀಕ್ಷಾಸ್ನಾನದ ತಯಾರಿ ತರಗತಿ: ಆರು ವಾರ ಕೂತು ಬಂದವಳ ಅನಿಸಿಕೆ

ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ದೀಕ್ಷಾಸ್ನಾನಕ್ಕೆ, ಅಂದರೆ ಕ್ರಿಸ್ತನನ್ನು ನಂಬಿದವರನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸುವ ವಿಧಿಗೆ, ಮುಂಚೆ ಆರು ವಾರದ ತರಗತಿ ಇರುತ್ತದೆ. ವಾರಕ್ಕೆ ಒಂದು ಸಂಜೆ. ಹನ್ನೊಂದು ವರ್ಷದಿಂದ ಆರಾಧನೆಗೆ ಹೋಗುತ್ತಿದ್ದರೂ ನಾನು ಹೆಸರು ಕೊಟ್ಟಿರಲಿಲ್ಲ. ಕೋಪ ಇನ್ನೂ ಬಿಟ್ಟಿಲ್ಲ, ಮೊದಲು ಸರಿಹೋಗೋಣ, ಆಮೇಲೆ ನೋಡೋಣ ಅಂತ ಮುಂದೂಡುತ್ತಲೇ ಬಂದೆ. ಹೀಗೆ ಯೋಚಿಸುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಂಜೆಯೇ ಆ ನೆಪ ಹೋಯಿತು. ಪಾಸ್ಟರ್ ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೇ ಅಧ್ಯಾಯ ಓದಿಸಿದರು. ಫಿಲಿಪ್ಪಿಯ ಸೆರೆಮನೆಯ ಯಜಮಾನ ನಡುರಾತ್ರಿ ಸಾಯಲು ಕತ್ತಿ ಹಿರಿದವನು. ಅದೇ ರಾತ್ರಿ ಅವನಿಗೂ ಅವನ ಮನೆಯವರಿಗೂ ದೀಕ್ಷಾಸ್ನಾನ ಆಯಿತು. ಸರಿಹೋಗಲು ಅವನಿಗೆ ಸಮಯ ಎಲ್ಲಿತ್ತು? 'ಹಾಗಾದ್ರೆ ನಮಗ್ಯಾಕೆ ಆರು ವಾರ?' ಅಂತ ಒಬ್ಬ ಹುಡುಗ ಕೇಳಿದ. 'ನಿಮ್ಮನ್ನು ಪರೀಕ್ಷೆ ಮಾಡೋಕಲ್ಲಪ್ಪ, ಯಾವುದಕ್ಕೆ ಹೂಂ ಅಂತಿದ್ದೀರಿ ಅಂತ ಗೊತ್ತಿರಲಿ ಅಂತ' ಎಂದರು.

ನಾಲ್ಕನೇ ವಾರ ನಮ್ಮನ್ನು ದೀಕ್ಷಾಸ್ನಾನದ ತೊಟ್ಟಿಯೊಳಗೆ, ನೀರಿಲ್ಲದಾಗ, ಇಳಿಸಿ ನಿಲ್ಲಿಸಿದರು. ನಿಂತಲ್ಲೇ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಓದಿದೆವು. ದೀಕ್ಷಾಸ್ನಾನದಲ್ಲಿ ನಾವು ಕ್ರಿಸ್ತನ ಜೊತೆ ಹೂಣಲ್ಪಟ್ಟೆವು ಅನ್ನುತ್ತಾನೆ ಪೌಲ. ಅಲ್ಲಿಯವರೆಗೆ ನನಗೆ ಅದು ಕೊಳೆ ತೊಳೆಯುವ ನೀರು ಮಾತ್ರ. ಸುತ್ತಲೂ ಸೊಂಟದೆತ್ತರದ ಸಿಮೆಂಟ್ ಗೋಡೆ ಇರುವಾಗ 'ಹೂಣು' ಅನ್ನೋ ಮಾತು ಬೇರೆಯೇ ಕೇಳಿಸುತ್ತದೆ.

ಅಲ್ಲೇ ಪಾಸ್ಟರ್ ಇನ್ನೊಂದು ಮಾತು ಹೇಳಿದರು. ದೀಕ್ಷಾಸ್ನಾನವನ್ನು ಯಾರೂ ತಾವೇ ಮಾಡಿಕೊಳ್ಳುವುದಿಲ್ಲ, ಮಾಡಿಸಿಕೊಳ್ಳುತ್ತಾರೆ. ಯೊರ್ದನಿನಲ್ಲಿ ಯೇಸುಸ್ವಾಮಿಯೂ ಯೋಹಾನನಿಂದ ಮಾಡಿಸಿಕೊಂಡರು. 'ಮಾಡಿಸಿಕೊಳ್ಳುವುದು' ಎಷ್ಟು ವರ್ಷದಿಂದ ಆಡುತ್ತಿದ್ದ ಮಾತು, ಅದರೊಳಗಿನ 'ಇಸು' ನನಗೆ ಕಂಡೇ ಇರಲಿಲ್ಲ! ನನ್ನನ್ನು ನಾನೇ ಸರಿಮಾಡಿಕೊಂಡು ಬರುತ್ತೇನೆ ಅಂತಿದ್ದೆನಲ್ಲ, ಅದಕ್ಕೆ ಇದೇ ಉತ್ತರ. ನನಗೆ ನೀರೆಂದರೆ ಭಯ. ದೀಕ್ಷಾಸ್ನಾನದ ದಿನ ಬೆನ್ನ ಹಿಂದೆ ಇನ್ನೊಬ್ಬರ ಕೈ ಇತ್ತು. ಒರಗಿದೆ, ಅಷ್ಟೇ.

ಐದನೇ ವಾರ ಮಾತ್ರ ಬೇಸರ ತಂದಿತು. ಮಕ್ಕಳಿಗೆ ಕೊಡುವ ದೀಕ್ಷಾಸ್ನಾನ, ತಲೆಗೆ ನೀರು ಹೊಯ್ಯುವ ಪದ್ಧತಿ, ಎಲ್ಲವನ್ನೂ ಹತ್ತೇ ನಿಮಿಷದಲ್ಲಿ ಮುಗಿಸಿದರು. ನನ್ನ ಪಕ್ಕದಲ್ಲಿದ್ದ ಅಕ್ಕನಿಗೆ ಕೂಸಾಗಿದ್ದಾಗಲೇ ಜ್ಞಾನಸ್ನಾನ (ದೀಕ್ಷಾಸ್ನಾನದ ಇನ್ನೊಂದು ಹೆಸರು) ಆಗಿತ್ತು. 'ಅದು ಲೆಕ್ಕಕ್ಕಿಲ್ವಾ?' ಅಂತ ಕೇಳುವಾಗ ಅವರ ಕಣ್ಣು ತುಂಬಿತ್ತು. ನಾವು ಕೇಳುವ ಮೊದಲೇ ದೇವರ ಕೃಪೆ ಬರುತ್ತದೆ ಅಂತ ನಂಬಿ ಕಥೋಲಿಕರು, ಆರ್ಥೊಡಾಕ್ಸ್, ಲುಥೆರನ್ ಸಭೆಯವರು ಕೂಸುಗಳಿಗೆ ಕೊಡುತ್ತಾರೆ. ಹರಿಯುವ ನೀರಾಗಲಿ ಬೇರೆ ನೀರಾಗಲಿ ಸಾಕಷ್ಟು ಇಲ್ಲದಿದ್ದರೆ ತಲೆಗೆ ಮೂರು ಸಲ ಹೊಯ್ಯಿರಿ ಅಂತ 'ದಿದಾಖೆ' ಎಂಬ ತುಂಬ ಹಳೆಯ ಕ್ರೈಸ್ತ ಬರಹದಲ್ಲೇ ಇದೆ. ನಮ್ಮ ಸಭೆ ಒಪ್ಪದಿರಬಹುದು. ಆದರೆ ಆ ಅಕ್ಕನಿಗೆ ಒಂದು ಇಡೀ ಸಂಜೆ ಕೊಡಬೇಕಿತ್ತು, ಅಲ್ವಾ?

ಏಳನೇ ವಾರ ಇಲ್ಲ ಅನ್ನೋದು ಇನ್ನೊಂದು ಕೊರತೆ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನ ಸುಮಾರು 3000 ಜನ ದೀಕ್ಷಾಸ್ನಾನ ಮಾಡಿಸಿಕೊಂಡರು ಅಂತ ಅದೇ ಅಪೊಸ್ತಲರ ಕೃತ್ಯಗಳಲ್ಲಿದೆ. ಮುಂದಿನ ವಚನದಲ್ಲೇ ಅವರು ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ ಇವುಗಳಲ್ಲಿ ನಿರತರಾಗಿದ್ದರು. ನಮಗೆ ಒಂದು ಪ್ರಮಾಣಪತ್ರ ಕೊಟ್ಟು ಕಳಿಸಿದರು. ಈಗ ನಾವು ನಾಲ್ಕು ಜನ ಸೇರಿ ನಾವೇ ವಾರಕ್ಕೊಮ್ಮೆ ಕೂರುತ್ತಿದ್ದೇವೆ.

ಆದರೂ ಖಂಡಿತ ಸೇರಿ. ನೀರಿನ ಭಯ ಇದ್ದರೆ ಮೊದಲೇ ಹೇಳಿಬಿಡಿ. ನಾಲ್ಕನೇ ವಾರ ಮಾತ್ರ ತಪ್ಪಿಸಬೇಡಿ.