ಜೋಗಿನಿ ಜಲಪಾತಕ್ಕೆ ಹೋಗುವವರೇ, ಮಧ್ಯಾಹ್ನದ ನೀರನ್ನು ನಂಬಬೇಡಿ

ಜೂನ್ ಮೊದಲ ವಾರ ತಮ್ಮನೊಂದಿಗೆ ಮನಾಲಿಗೆ ಹೋಗಿದ್ದೆ. ವಶಿಷ್ಠ ಗ್ರಾಮದಿಂದ ಸೇಬಿನ ತೋಟ, ದೇವದಾರು ಮರಗಳ ನಡುವಿನ ಕಾಲುದಾರಿ ಹಿಡಿದರೆ ಜೋಗಿನಿ ಜಲಪಾತ. ದಾರಿಯೇನೂ ಕಷ್ಟದ್ದಲ್ಲ. ಅದೇ ನಮ್ಮನ್ನು ಮೈಮರೆಸಿತು.

ನಡುವೆ ಜೊತೆಯಾದ ಹುಡುಗನೊಬ್ಬ ತಾನು ಗೈಡ್ ಎಂದ. 800 ರೂಪಾಯಿ ಪಡೆದು, ಜಲಪಾತದ ಕೆಳಗಿನ ಹಳ್ಳ ದಾಟಿಸಿ, ‘ಇಲ್ಲಿ ಗದ್ದಲವಿಲ್ಲ, ನಿಧಾನವಾಗಿ ಬನ್ನಿ’ ಎಂದು ಹೊರಟುಹೋದ. ಆಗ ಬೆಳಗಿನ 10 ಗಂಟೆ. ದಾಟಲು ಏಳು ಕಲ್ಲುಗಳಿದ್ದವು, ಏಳರ ನೆತ್ತಿಯೂ ಒಣಗಿತ್ತು.

ಮೂರು ಗಂಟೆಗೆ ಎದ್ದು ನೋಡಿದರೆ ಎರಡೇ ಕಲ್ಲು ಕಾಣುತ್ತಿದ್ದವು. ಒಂದು ಹನಿ ಮಳೆ ಬಿದ್ದಿರಲಿಲ್ಲ.

ಅದು ಮೇಲಿನ ಹಿಮ ಕರಗಿ ಬರುವ ನೀರು. ರಾತ್ರಿಯ ಚಳಿಗೆ ಕರಗುವುದು ಕಡಿಮೆಯಾಗಿ ಬೆಳಗ್ಗೆ ಹಳ್ಳ ಇಳಿದಿರುತ್ತದೆ. ಬಿಸಿಲೇರಿದಂತೆ ತುಂಬುತ್ತಾ ಬರುತ್ತದೆ. ಮಳೆಯ ಹಳ್ಳಗಳನ್ನಷ್ಟೇ ಕಂಡು ಬೆಳೆದ ನಮಗೆ ಇದು ಹೊಳೆಯಲೇ ಇಲ್ಲ. ಆ ಹುಡುಗನಿಗೆ ಗೊತ್ತಿರಬೇಕಿತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ತಮ್ಮ ಮೊದಲು ಇಳಿದ. ಮೂರನೇ ಹೆಜ್ಜೆಗೆ ಪಾದಗಳು ಮರಗಟ್ಟಿದವು. ಕಲ್ಲು ಸಿಕ್ಕಿತೋ ಇಲ್ಲವೋ ತಿಳಿಯದೆ ಕಾಲೂರಿದವನು ಪಾಚಿಗೆ ಜಾರಿ ಎದೆಯವರೆಗೆ ಮುಳುಗಿದ, ಹೇಗೋ ಬಂಡೆಯೊಂದನ್ನು ತಬ್ಬಿಕೊಂಡ. ನಾನು ಕೂಗಿದ್ದು ಜಲಪಾತದ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಆಚೆ ದಡದಲ್ಲಿ ಹುಲ್ಲಿನ ಹೊರೆ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬರು ನೋಡಿದರು. ಹೊರೆ ಬಿಚ್ಚಿ, ಅದೇ ಹಗ್ಗವನ್ನು ಮರಕ್ಕೆ ಸುತ್ತಿ ಎಸೆದರು. ದಡ ಸೇರಿದ ಮೇಲೂ ತಮ್ಮನ ಬೆರಳುಗಳು ಹಗ್ಗ ಬಿಡಲಿಲ್ಲ. ಆ ತಾಯಿ ಒಂದೊಂದಾಗಿ ಬಿಡಿಸಿದರು. ಅದೇ ಹಗ್ಗ ಹಿಡಿದು ನಾನೂ ದಾಟಿದೆ.

ಹೋಗುವುದಾದರೆ ಬೆಳಗ್ಗೆಯೇ ಹೋಗಿ, ಈಚೆ ದಡದಲ್ಲೇ ನಿಂತು ನೋಡಿ. ಯಾರು ಕರೆದರೂ ಹಳ್ಳ ದಾಟಬೇಡಿ. ಆಚೆ ಸಿಕ್ಕಿಬಿದ್ದರೆ ನೀರಿಗೆ ಇಳಿಯದೆ, ಎತ್ತರದ ಜಾಗದಲ್ಲಿ ಕುಳಿತು 112ಕ್ಕೆ ಕರೆ ಮಾಡಿ. ನಾವು ಮಾಡಬೇಕಾಗಿದ್ದದ್ದು ಅದನ್ನೇ. ಮಳೆಗಾಲದಲ್ಲಂತೂ ಆ ಕಡೆ ಹೋಗಲೇಬೇಡಿ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಮನಾಲಿಯ ಹೆದ್ದಾರಿಯನ್ನೇ ಹಲವೆಡೆ ಕೊಚ್ಚಿಕೊಂಡು ಹೋಗಿತ್ತು.

ಮರುದಿನ ಬೆಳಗ್ಗೆ ಆ ತಾಯಿಗೆ ಹೊಸ ಹಗ್ಗ ಕೊಡಲೆಂದು ಒಬ್ಬನೇ ಹೋದೆ. ಅವರು ಸಿಗಲಿಲ್ಲ. ಹಳ್ಳದಲ್ಲಿ ಏಳೂ ಕಲ್ಲುಗಳು ಒಣಗಿ ನಿಂತಿದ್ದವು.