ದುರ್ಗದ ಬೈಲಿನ ಹರಳಿನಂಗಡಿ: ತಕ್ಕಡಿ ಸರಿ, ಗೋಡೆಯ ಪಟ್ಟಿ ತಪ್ಪು

ಹುಬ್ಬಳ್ಳಿಯ ದುರ್ಗದ ಬೈಲ್ ಸುತ್ತ ಜನ್ಮರತ್ನದ ಉಂಗುರ ಮಾಡಿಸುವವರಿಗೆ ನಾವು ಈ ಸಣ್ಣ ಅಂಗಡಿಯನ್ನೇ ಮೊದಲು ಹೇಳುತ್ತೇವೆ. ಕಾರಣ ತಕ್ಕಡಿ. ಕೂರಿಸುವ ಮೊದಲೇ ಹರಳನ್ನು ಗಿರಾಕಿಯ ಎದುರು ತೂಗಿ, ಬಿಲ್ಲಿನಲ್ಲಿ ಕ್ಯಾರೆಟ್ ಬರೆಯುತ್ತಾರೆ. 1 ಕ್ಯಾರೆಟ್ ಎಂದರೆ 0.2 ಗ್ರಾಂ, ವಾದವಿಲ್ಲ. ರತ್ತಿ ಹಾಗಲ್ಲ. ಗುಲಗಂಜಿ ಲೆಕ್ಕದ ಹಳೆಯ ರತ್ತಿ ಸುಮಾರು 0.12 ಗ್ರಾಂ, ಹರಳಿನ ಪೇಟೆಯ ರತ್ತಿ ಸುಮಾರು 0.18. "ಐದು ರತ್ತಿ ಹಾಕ್ರಿ" ಎಂದರೆ ಒಂದು ಕಡೆ 3 ಕ್ಯಾರೆಟ್, ಇನ್ನೊಂದು ಕಡೆ ನಾಲ್ಕೂವರೆ. ರೊಕ್ಕದ ಜಗಳ ಹುಟ್ಟುವುದು ಇಲ್ಲೇ.

ಗೋಡೆಯ ಪಟ್ಟಿಯನ್ನು ಮಾತ್ರ ತೆಗೆಯಬೇಕು. 'ಸೆಪ್ಟೆಂಬರ್ – ನೀಲ – ಶನಿ' ಎಂದು ತಿಂಗಳು, ಗ್ರಹ ಎರಡನ್ನೂ ಒಂದೇ ಸಾಲಿಗೆ ಕಟ್ಟಿದ್ದಾರೆ. ತಿಂಗಳ ಹರಳು ಎಂಬ ಕಲ್ಪನೆಯ ಬೇರು ಬೈಬಲ್‌ನ ಪ್ರಧಾನ ಯಾಜಕ ಆರೋನನ ಎದೆಪದಕದ 12 ಹರಳುಗಳಲ್ಲಿದೆ. ಇಂದಿನ ಪಟ್ಟಿ ಮಾತ್ರ 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಗೊತ್ತುಮಾಡಿದ್ದು. ಡಿಸೆಂಬರಿಗೆ ಟಾಂಜನೈಟ್ ಸೇರಿದ್ದು 2002ರಲ್ಲಿ, ಆಗಸ್ಟಿಗೆ ಸ್ಪೈನೆಲ್ 2016ರಲ್ಲಿ. ನಮ್ಮ ನವರತ್ನದ ದಾರಿಯೇ ಬೇರೆ: ಒಂಬತ್ತು ಗ್ರಹಕ್ಕೆ ಒಂಬತ್ತು ಹರಳು, ಅದೂ ಜಾತಕ ನೋಡಿ. ಹವಳ, ವೈಡೂರ್ಯ 1912ರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಮಗಳ ಹುಟ್ಟುಹಬ್ಬಕ್ಕೆಂದು ನೀಲ ಕೊಳ್ಳಲು ಬಂದ ತಾಯಿ ಶನಿಯ ಹೆಸರು ಓದಿ ಅಂಜಿದರೆ ಅದು ಆ ಪಟ್ಟಿಯ ತಪ್ಪು.

ಮಾಣಿಕ್ಯದಲ್ಲಿ ಇವರ ಪ್ರಾಮಾಣಿಕತೆ ದೊಡ್ಡದು. ಅಗ್ಗದ ದಪ್ಪ ಮಾಣಿಕ್ಯಗಳಲ್ಲಿ ಎಷ್ಟೋ ಸಲ ಬಿರುಕಿಗೆ ಸೀಸದ ಗಾಜು ತುಂಬಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ ಹರಳನ್ನು ಓರೆ ಮಾಡಿದರೆ ನೀಲಿ ಮಿಂಚು, ಗಾಳಿಗುಳ್ಳೆ ಕಾಣುತ್ತವೆ. ಕೇಳಿದರೆ ಅವರೇ ತೋರಿಸಿ, ಬಿಲ್ಲಿನಲ್ಲೂ ಬರೆಯುತ್ತಾರೆ. ಅಂಥ ಉಂಗುರದ ಅಳತೆ ಬದಲಿಸುವಾಗ ಪತ್ತಾರರು ಹರಳು ಬಿಚ್ಚದೆ ಬೆಂಕಿ ಊದಿದರೆ ಗಾಜು ಕೆಡುತ್ತದೆ. ಲಿಂಬೆ ರಸವೂ ಅದನ್ನು ತಿನ್ನುತ್ತದೆ. ಚಿನ್ನದ ಮೇಲಿನ ಹಾಲ್‌ಮಾರ್ಕ್ ಚಿನ್ನಕ್ಕಷ್ಟೇ, ಹರಳಿಗಲ್ಲ.

ಇನ್ನೊಂದು ದೂರು: ತೊಳೆಯಲು ಎಲ್ಲ ಉಂಗುರಗಳನ್ನೂ ಅಲ್ಟ್ರಾಸಾನಿಕ್ ಯಂತ್ರಕ್ಕೆ (ಶಬ್ದದ ಅಲೆಯಿಂದ ನೀರು ಕಂಪಿಸಿ ತೊಳೆಯುವ ಯಂತ್ರ) ಹಾಕುತ್ತಾರೆ. ಪಚ್ಚೆಯ ಬಿರುಕುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತದೆ. ಅದು ಹೊರಬಂದರೆ ಬಿರುಕು ಎದ್ದು ಕಾಣುತ್ತದೆ. ಮುತ್ತಿಗೂ ಆ ಯಂತ್ರ ಬೇಡ. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕೆಂದು ಮೊದಲೇ ಹೇಳಿಬಿಡಿ.