ಡಿಮ್ಮರ್ ಇರುವ ಎಲ್‌ಇಡಿ ಗ್ರೋ ಲೈಟ್: ತಗೊಳ್ಳಬಹುದಾ?

ಬಿಸಿಲೇ ಬಾರದ ಕೋಣೆಯಲ್ಲಿ ಲೆಟ್ಯೂಸ್, ಮೆಣಸಿನ ಗಿಡ ಬೆಳೆಸುತ್ತೇನೆ. ಅದಕ್ಕೆ ತಂದಿದ್ದು ಈ 100 ವ್ಯಾಟ್ ಪ್ಯಾನೆಲ್. ನನಗೆ ತುಂಬಾ ಇಷ್ಟವಾಗಿದ್ದು ಇದರ ಡಿಮ್ಮರ್.

ಎಲ್ಲ ಗಿಡಕ್ಕೂ ಒಂದೇ ಬೆಳಕು ಆಗಲ್ಲ ಅಲ್ವಾ? ಗಿಡಕ್ಕೆ ಬೇಕಾದ ಬೆಳಕನ್ನು ಪಿಪಿಎಫ್‌ಡಿಯಲ್ಲಿ ಅಳೆಯುತ್ತಾರೆ, ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಬೀಳುವ, ಗಿಡ ಬಳಸಬಲ್ಲ ಬೆಳಕಿನ ಕಣಗಳು (ಮೈಕ್ರೋಮೋಲ್ ಲೆಕ್ಕದಲ್ಲಿ). ಎಳೆ ಸಸಿಗೆ ಅದು 100ರಿಂದ 200 ಸಾಕು. ಲೆಟ್ಯೂಸ್‌ಗೆ 200ರ ಆಸುಪಾಸು. ಕಾಯಿ ಬಿಡುವ ಮೆಣಸಿಗೆ 400ಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. ಹೊತ್ತೂ ಲೆಕ್ಕಕ್ಕೆ ಬರುತ್ತದೆ: 200ರಲ್ಲಿ 16 ಗಂಟೆ ಉರಿಸಿದರೆ ಚದರ ಮೀಟರಿಗೆ ದಿನಕ್ಕೆ ಒಟ್ಟು ಸುಮಾರು 11.5 ಮೋಲ್ (ಒಂದು ಮೋಲ್ ಅಂದರೆ ಹತ್ತು ಲಕ್ಷ ಮೈಕ್ರೋಮೋಲ್) ಬೆಳಕು ಸಿಗುತ್ತದೆ.

ಬೆಳಕು ಹೆಚ್ಚಾದರೆ ಗಿಡವೇ ಹೇಳುತ್ತದೆ. ದೀಪಕ್ಕೆ ಹತ್ತಿರದ ತುದಿ ಎಲೆಗಳ ಅಂಚು ದೋಣಿಯ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಬಣ್ಣ ಬಿಳಚುತ್ತದೆ. ಕೆಳಗಿನ ಎಲೆ ಮಾತ್ರ ಹಸಿರಾಗೇ ಇರುತ್ತದೆ. ಆಗ ಡಿಮ್ಮರ್ ಸ್ವಲ್ಪ ಇಳಿಸುತ್ತೇನೆ, ಹೊಸ ಎಲೆ ಚಪ್ಪಟೆಯಾಗಿ ಬರುತ್ತದೆ. ಕಾಂಡ ಸಣಕಲಾಗಿ ಉದ್ದ ಎಳೆದುಕೊಂಡರೆ ಏರಿಸಬೇಕು. ಸರಪಳಿ ಬಿಚ್ಚಿ ಪ್ಯಾನೆಲ್ ಎತ್ತುವ ಕಷ್ಟ ಇಲ್ಲ.

ಬೇಜಾರಿನ ವಿಷಯವೂ ಇದೆ. ತಿರುಗಿಸುವ ಗುಂಡಿಯ ಮೇಲೆ ಒಂದು ಅಂಕಿಯೂ ಇಲ್ಲ. ಬಿಳಿ ಪೆಯಿಂಟ್‌ನಲ್ಲಿ ನಾನೇ ಗುರುತು ಹಾಕಿದೆ. ಪಿಪಿಎಫ್‌ಡಿ ನಕ್ಷೆ ಕೇಳಿದರೆ ಮಾರಿದವರು ಲುಮೆನ್ ಅಂಕಿ ಕಳಿಸಿದರು. ಲುಮೆನ್ ಮನುಷ್ಯರ ಕಣ್ಣಿಗೆ ಆಗುವ ಅಳತೆ, ಗಿಡಕ್ಕಲ್ಲ. ಗ್ರೋ ಲೈಟ್ ಮಾರುವವರಿಗೆ ಇಷ್ಟಾದರೂ ಗೊತ್ತಿರಬೇಕು. ಮೂಲೆಗಳಲ್ಲಿ ಬೆಳಕು ಕಮ್ಮಿ, ಅಲ್ಲಿ ಸಸಿ ಇಡಿ, ಮೆಣಸನ್ನು ನಡುವೆ ಇಡಿ. ಇಷ್ಟಿದ್ದರೂ ಡಿಮ್ಮರ್‌ಗಾಗಿಯೇ ಇದನ್ನು ಧಾರಾಳವಾಗಿ ತಗೊಳ್ಳಿ ಅಂತೀನಿ.